ಹಸಿವು ನೀಗಿಸುವ ಕೆಲಸದಲ್ಲಿ ಫಾದರ್, ಪಾಸ್ಟರ್, ಸಿಸ್ಟರ್‌ಗಳ ಪಾಲು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕ್ರೈಸ್ತ ಸಭೆಗಳಲ್ಲಿ, ಧರ್ಮಕೇಂದ್ರಗಳಲ್ಲಿ ಹಸಿವಿನ ಮಾತು ಎತ್ತಿದಾಗಲೆಲ್ಲ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೆಲವರು ಪ್ರೀತಿಯಿಂದ ಕೇಳುತ್ತಾರೆ, ಕೆಲವರು ಸಿಟ್ಟಿನಿಂದ. ಎರಡನ್ನೂ ಇಲ್ಲಿ ಇಟ್ಟಿದ್ದೇನೆ. ನಾನು ಬಾಗಲಕೋಟೆ ಜಿಲ್ಲೆಯ ಒಂದು ಸಣ್ಣ ಸಭೆಯ ಪಾಸ್ಟರ್. ವಕೀಲ ಅಲ್ಲ, ಅಧಿಕಾರಿಯೂ ಅಲ್ಲ. ರೇಷನ್ ಅಂಗಡಿ, ಅಂಗನವಾಡಿ, ತಹಸೀಲ್ದಾರ್ ಕಚೇರಿ ಅಂತ ಅಲೆದು ಕಲಿತದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಚರ್ಚ್‌ನಲ್ಲಿ ಕ್ರಿಸ್‌ಮಸ್‌ಗೆ, ಈಸ್ಟರ್‌ಗೆ ಊಟ ಹಾಕುತ್ತೇವೆ, ಅಕ್ಕಿ ಕಿಟ್ ಹಂಚುತ್ತೇವೆ. ಅದು ಸಾಲದಾ?

ಊಟ ಹಾಕುವುದನ್ನು ನಿಲ್ಲಿಸಬೇಡಿ. ಹಸಿದವರಿಗೆ ಇವತ್ತಿನ ಊಟ ಇವತ್ತೇ ಬೇಕು. ಆದರೆ ಒಮ್ಮೆ ಲೆಕ್ಕ ಹಾಕಿ ನೋಡಿ. ಐದು ಜನರ ಮನೆಗೆ ವರ್ಷಕ್ಕೆ ಎರಡು ಸಲ ಹತ್ತು ಕೆಜಿ ಅಕ್ಕಿ ಕೊಟ್ಟರೆ 20 ಕೆಜಿ ಆಯಿತು. ಅದೇ ಮನೆಯ ಬಿಪಿಎಲ್ ಕಾರ್ಡ್ ಸರಿಯಾಗಿದ್ದರೆ, ಆಹಾರ ಭದ್ರತಾ ಕಾಯ್ದೆಯ ಪ್ರಕಾರ ತಲೆಗೆ 5 ಕೆಜಿಯಂತೆ ತಿಂಗಳಿಗೆ 25 ಕೆಜಿ, ವರ್ಷಕ್ಕೆ 300 ಕೆಜಿ ಧಾನ್ಯ ಬರಬೇಕು. ರಾಜ್ಯದ ಅನ್ನಭಾಗ್ಯದ ಪಾಲು ಬೇರೆ. ಆ ಕಾರ್ಡ್ ಯಾವುದೋ ಸಣ್ಣ ತಪ್ಪಿಗೆ ರದ್ದಾಗಿದ್ದರೆ, ನಮ್ಮ ಕಿಟ್ ಆ ಮನೆಯಲ್ಲಿ ಎಷ್ಟು ದಿನ ಬಾಳೀತು?

ನನಗೆ ಇದು ತಿಳಿದದ್ದು ಒಬ್ಬ ವಿಧವೆ ಅವ್ವನಿಂದ. ಇಪ್ಪತ್ತು ವರ್ಷ ಕಬ್ಬು ಕಡಿದ ಕೈ ಅವರದು. ಒಂದು ದಿನ ಯಾವುದೋ ಕೆಲಸಕ್ಕೆ ಹೋದವನು ರೇಷನ್ ಅಂಗಡಿ ಮುಂದೆ ಅವರನ್ನು ನೋಡಿದೆ. ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರು. ಆಗಲಿಲ್ಲ. ಸೆರಗಿಗೆ ಒರೆಸಿ ಇಟ್ಟರು. ಆಗಲಿಲ್ಲ. ತಲೆಗೂದಲಿಗೆ ತಿಕ್ಕಿ, ಎಣ್ಣೆ ಹತ್ತಲಿ ಅಂತ, ಮತ್ತೆ ಇಟ್ಟರು. ಹತ್ತೂ ಬೆರಳು ಮುಗಿದವು. "ಯಪ್ಪಾ, ಬೆಳ್ಳ ಸವದಾವ್ರಿ, ಏನ್ ಮಾಡ್ಲಿ" ಅಂತ ನನ್ನ ಕಡೆ ತಿರುಗಿದರು. ಖಾಲಿ ಚೀಲವನ್ನು ಮಡಚಿ ಮಡಚಿ ಅಂಗೈಯಷ್ಟು ಮಾಡಿ ಹಿಡಿದಿದ್ದರು. ಮೂರು ತಿಂಗಳಿಂದ ಹೀಗೇ ಬಂದು ಹೋಗುತ್ತಿದ್ದರಂತೆ. ಪ್ರತಿ ಕ್ರಿಸ್‌ಮಸ್‌ಗೆ ಅವರ ಕೈಗೆ ಕಿಟ್ ಕೊಟ್ಟು ಫೋಟೊ ತೆಗೆಸಿಕೊಂಡವನು ನಾನು. ಒಂದು ಸಲವೂ "ಅವ್ವಾ, ರೇಷನ್ ಬರ್ತದೇನು?" ಅಂತ ಕೇಳಿರಲಿಲ್ಲ.

ಬೆರಳಚ್ಚು ಆಗಲಿಲ್ಲ ಅಂತ ಯಾರಿಗೂ ರೇಷನ್ ನಿರಾಕರಿಸಬಾರದು ಎಂದು ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಅದು ಆ ಅವ್ವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಿರಲಿಲ್ಲ. ಹಕ್ಕೊತ್ತಾಯದ ಕೆಲಸ, ಅಂದರೆ ಜನರಿಗೆ ಹಕ್ಕಿನಿಂದ ಬರಬೇಕಾದ್ದನ್ನು ಕೇಳಿ ಕೊಡಿಸುವ ಕೆಲಸ, ಶುರುವಾಗುವುದು ಅಲ್ಲಿಂದ.

ಇದಕ್ಕೆ ಬೈಬಲ್‌ನಲ್ಲಿ ಆಧಾರ ಎಲ್ಲಿದೆ? ಯೇಸುಸ್ವಾಮಿ ಅರ್ಜಿ ಬರೆಯಲು ಹೇಳಲಿಲ್ಲವಲ್ಲ?

"ನಾನು ಹಸಿದಿದ್ದೆನು" ಎಂಬ ಮತ್ತಾಯ 25ರ ಮಾತು ಎಲ್ಲರಿಗೂ ಬಾಯಿಪಾಠ. ನಾನು ಜಾಸ್ತಿ ಓದಿಸುವುದು ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯ. ಯೆರೂಸಲೇಮಿನ ಸಭೆಯಲ್ಲಿ ದಿನಾ ಊಟ ಹಂಚುತ್ತಿದ್ದರು. ಗ್ರೀಕ್ ಮಾತಾಡುವ ವಿಧವೆಯರ ಹೆಸರು ಅದರಲ್ಲಿ ಬಿಟ್ಟುಹೋಗುತ್ತಿತ್ತು. ಗೊಣಗಾಟ ಎದ್ದಿತು. ಆಗ ಅಪೊಸ್ತಲರು "ಪ್ರಾರ್ಥನೆ ಮಾಡಿಕೊಳ್ಳಿ ಅವ್ವಂದಿರೇ, ದೇವರು ಕೊಡುತ್ತಾನೆ" ಅನ್ನಲಿಲ್ಲ. ಸಭೆ ಕರೆದರು. ಏಳು ಜನರನ್ನು ಆರಿಸಿದರು. ಹಂಚುವ ಏರ್ಪಾಟನ್ನೇ ಸರಿಮಾಡಿದರು. ಆ ಏಳು ಜನರ ಹೆಸರು ಓದಿ ನೋಡಿ, ಎಲ್ಲವೂ ಗ್ರೀಕ್ ಹೆಸರುಗಳು. ಯಾರಿಗೆ ಅನ್ಯಾಯ ಆಗಿತ್ತೋ ಅವರ ಕಡೆಯವರ ಕೈಗೇ ಹೊಣೆ ಹೋದ ಹಾಗೆ ಕಾಣುತ್ತದೆ. ರೇಷನ್ ಅಂಗಡಿಯ ಮೇಲೆ ಕಣ್ಣಿಡುವ ನಮ್ಮ ಜಾಗೃತಿ ಸಮಿತಿಗಳಲ್ಲಿ ಇವತ್ತು ಇದೇ ಆಗಬೇಕು.

ಇನ್ನೊಂದು ರೂತಳ ಕಥೆ. ಹೊಲದ ಮೂಲೆ ಕೊಯ್ಯಬೇಡಿ, ಬಿದ್ದ ತೆನೆ ಆರಿಸಿಕೊಳ್ಳಬೇಡಿ, ಅದು ಬಡವರಿಗೂ ಪರದೇಶದವರಿಗೂ ಸೇರಿದ್ದು ಅಂತ ಯಾಜಕಕಾಂಡ 19 ಹೇಳುತ್ತದೆ. ಆ ಕಟ್ಟಳೆಯ ಬಲದಿಂದಲೇ ರೂತಳು ಬೋವಜನ ಹೊಲಕ್ಕೆ ಹಕ್ಕಲಾಯಲು ಹೋಗುತ್ತಾಳೆ. ಹಕ್ಕಲು ಅಂದರೇನು ಅಂತ ನಮ್ಮ ಕಡೆ ವಿವರಿಸಬೇಕಿಲ್ಲ. ಬಿಳಿಜೋಳದ ರಾಶಿ ಮುಗಿದ ಮೇಲೆ ಹೊಲದಲ್ಲಿ ಬಗ್ಗಿ ತೆನೆ ಆಯುವ ಹೆಣ್ಣುಮಕ್ಕಳನ್ನು ನೋಡುತ್ತಲೇ ಬೆಳೆದವರು ನಾವು. ರೂತಳಿಗೆ ಸಿಕ್ಕಿದ್ದು ಬೋವಜನ ಕರುಣೆ ಮಾತ್ರ ಆಗಿರಲಿಲ್ಲ. ಕರುಣೆ ಇರಲಿ, ಇಲ್ಲದಿರಲಿ, ಆ ತೆನೆ ಅವಳದೇ ಅಂತ ಕಟ್ಟಳೆ ಇತ್ತು. ಹಾಗೆ ನೋಡಿದರೆ ಅದು ಆ ಕಾಲದ ಆಹಾರ ಭದ್ರತಾ ಕಾನೂನು.

ನೆಹೆಮೀಯ ಐದನೇ ಅಧ್ಯಾಯವನ್ನೂ ಬಿಡಬೇಡಿ. ಬರಗಾಲದಲ್ಲಿ ಜನ ಕಾಳಿಗಾಗಿ ಹೊಲ ಅಡವಿಟ್ಟಾಗ ನೆಹೆಮೀಯ ಸಾಲ ಕೊಟ್ಟ ದೊಡ್ಡವರನ್ನು ಎದುರಿಗೇ ಕೇಳಿದ. ಹೊಲ ವಾಪಸ್ ಕೊಡಿಸಿದ.

ನಮ್ಮ ಕಡೆ ಈಗ ಹಸಿವು ಎಲ್ಲಿದೆ? ಎಲ್ಲರಿಗೂ ಅಕ್ಕಿ ಸಿಗುತ್ತಿದೆ ಅಲ್ವಾ?

"ಡೋಣಿ ಹರಿದರೆ ಓಣೆಲ್ಲ ಜೋಳ" ಅಂತ ತಮ್ಮ ಡೋಣಿ ಹೊಳೆಯ ಬಗ್ಗೆ ಅನ್ನುವ ವಿಜಯಪುರದಲ್ಲಿ ಈ ಪ್ರಶ್ನೆ ಸಹಜ. ಹೊಟ್ಟೆ ಬೆನ್ನಿಗೆ ಹತ್ತಿದ ಬರಗಾಲದ ಹಸಿವು ಈಗ ಕಾಣುವುದಿಲ್ಲ ನಿಜ. 1876ರಿಂದ 78ರವರೆಗಿನ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ಇವತ್ತಿನ ವಿಜಯಪುರ, ಬಾಗಲಕೋಟೆ, ಮುಂಬೈ ಪ್ರಾಂತದಲ್ಲೇ ತೀರಾ ನಲುಗಿದ ಜಾಗಗಳಲ್ಲಿ ಒಂದು. ಅಂಥದ್ದು ಈಗಿಲ್ಲ.

ಈಗಿನ ಹಸಿವು ಅಡಗಿಕೊಂಡಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-21ರ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಶೇ. 32.9ರಷ್ಟು ಮಕ್ಕಳ ತೂಕ ಕಡಿಮೆ. ಸುಮಾರು ಮೂರರಲ್ಲಿ ಎರಡು ಎಳೆಮಕ್ಕಳಿಗೆ ರಕ್ತಹೀನತೆ. ಈ ಮಕ್ಕಳು ಅಳುತ್ತಾ ಬೀದಿಯಲ್ಲಿ ಕೂತಿಲ್ಲ. ನಮ್ಮ ಸಂಡೇ ಸ್ಕೂಲಿನಲ್ಲೇ ಕೂತಿರುತ್ತಾರೆ, ವಯಸ್ಸು ಎಂಟು, ನೋಡಲು ಐದು.

ಅಂಗನವಾಡಿಯಲ್ಲಿ ಮಗುವಿನ ತೋಳು ಅಳೆಯುವ ಬಣ್ಣದ ಪಟ್ಟಿ ಇರುತ್ತದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಪಟ್ಟಿ ಕೆಂಪು ತೋರಿಸುತ್ತದೆ. ಅಂದರೆ ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ಎನ್‌ಆರ್‌ಸಿ ಅನ್ನುವ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಬೇಕು. ಒಮ್ಮೆ ಹೋಗಿ ಆ ಅಳತೆ ನೋಡಿ ಬನ್ನಿ ಅಂತ ನಾನು ಪ್ರತಿ ಪಾಸ್ಟರ್‌ಗೂ ಹೇಳುತ್ತೇನೆ. ತಾಯಿಯ ಹೆಬ್ಬೆರಳು ಮತ್ತು ತೋರುಬೆರಳು ಸೇರಿದರೆ ಮಗುವಿನ ತೋಳು ಅದರೊಳಗೇ ಕೂತುಬಿಡುತ್ತದೆ.

ಕಾನೂನಿನಲ್ಲಿ ಏನೇನಿದೆ? ಚುಟುಕಾಗಿ ಹೇಳಿ.

2001ರಲ್ಲಿ ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟ್‌ಗೆ ಹೋಯಿತು. ರಾಜಸ್ಥಾನದಲ್ಲಿ ಬರ, ಆದರೆ ಸರ್ಕಾರದ ಗೋದಾಮು ತುಂಬಾ ಧಾನ್ಯ. ಆ ಕೇಸಿನಿಂದಲೇ ಶಾಲೆಗಳಲ್ಲಿ ಬಿಸಿಯೂಟ ಕೊಡಲೇಬೇಕು ಎಂಬ ಆದೇಶ ಬಂತು. ನಮ್ಮಲ್ಲಿ ಅದಕ್ಕೆ ಅಕ್ಷರ ದಾಸೋಹ ಅಂತ ಹೆಸರು. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂತು. ಕಡುಬಡವರ ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕೆಜಿ, ಬಿಪಿಎಲ್ ಕಾರ್ಡಿಗೆ ತಲೆಗೆ 5 ಕೆಜಿ. ಮನೆಯ ಹಿರಿಯ ಹೆಣ್ಣುಮಗಳೇ ಕಾರ್ಡಿನ ಯಜಮಾನಿ. ಗರ್ಭಿಣಿಗೆ, ಬಾಣಂತಿಗೆ ಆರು ತಿಂಗಳವರೆಗೆ, ಆರು ವರ್ಷದೊಳಗಿನ ಮಕ್ಕಳಿಗೆ ಅಂಗನವಾಡಿಯಲ್ಲಿ ಊಟ. ಬರಬೇಕಾದ ಧಾನ್ಯ ಬರಲಿಲ್ಲ ಅಂದರೆ ಆಹಾರ ಭದ್ರತಾ ಭತ್ಯೆ ಕೇಳುವ ಹಕ್ಕು ಎಂಟನೇ ಸೆಕ್ಷನ್‌ನಲ್ಲಿದೆ. ಇದನ್ನು ಕೇಳಿದವರನ್ನು ನಾನು ತೀರಾ ಕಡಿಮೆ ನೋಡಿದ್ದೇನೆ.

ಒಂದು ಕೊರತೆಯನ್ನೂ ಹೇಳಬೇಕು. ಎಷ್ಟು ಜನರಿಗೆ ಕಾರ್ಡ್ ಅನ್ನುವ ಮಿತಿ ಇನ್ನೂ 2011ರ ಜನಗಣತಿಯ ಮೇಲೆ ನಿಂತಿದೆ. ಕರ್ನಾಟಕಕ್ಕೆ ಅದು ಸುಮಾರು 4 ಕೋಟಿ ಜನ. ಆಮೇಲೆ ಹುಟ್ಟಿದ, ಮದುವೆಯಾಗಿ ಬೇರೆ ಮನೆ ಮಾಡಿದ ಬಡವರು ಹೊಸ ಕಾರ್ಡಿಗೆ ಕಾಯುತ್ತಲೇ ಇರುತ್ತಾರೆ. ಇದು ತಹಸೀಲ್ದಾರರ ಕೈಯಲ್ಲಿ ಇಲ್ಲ. ದೆಹಲಿಗೆ ಮುಟ್ಟಬೇಕಾದ ಮಾತು.

ಇದೆಲ್ಲ ರಾಜಕೀಯ ಆಗಲ್ವಾ?

ಅರ್ಜಿ ಕೊಡುವುದು, ಶಾಂತವಾಗಿ ಸೇರುವುದು, ಕೇಳುವುದು ಸಂವಿಧಾನ ಎಲ್ಲರಿಗೂ ಕೊಟ್ಟ ಹಕ್ಕು. ಪಾಸ್ಟರ್‌ಗೂ ಇದೆ. ಧರ್ಮದ ಹೆಸರಲ್ಲಿ ವೋಟು ಕೇಳುವುದು ಮಾತ್ರ ತಪ್ಪು, 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಅದನ್ನು ಭ್ರಷ್ಟ ಆಚರಣೆ ಅನ್ನುತ್ತದೆ. ನಮ್ಮ ರೂಢಿ ಏನೆಂದರೆ, ಪ್ರಸಂಗಪೀಠದಿಂದ ಯಾವ ಪಕ್ಷದ ಹೆಸರೂ ಬರಬಾರದು. ಯಾರು ಅಧಿಕಾರದಲ್ಲಿದ್ದರೂ ಅದೇ ಅರ್ಜಿ, ಅದೇ ಮಾತು.

"ಅಕ್ಕಿ ತೋರಿಸಿ ಮತಾಂತರ ಮಾಡ್ತಾರೆ" ಅಂತ ಹೇಳುತ್ತಾರೆ. ಏನು ಉತ್ತರ?

ಈ ಪ್ರಶ್ನೆಗೆ ಸಿಟ್ಟಾಗಬೇಡಿ. ನಡತೆಯಲ್ಲಿ ಉತ್ತರ ಕೊಡಿ. 1994ರಲ್ಲಿ ರೆಡ್ ಕ್ರಾಸ್ ಜೊತೆಗೆ ಕಾರಿತಾಸ್, ಲೂಥರನ್ ವರ್ಲ್ಡ್ ಫೆಡರೇಶನ್‌ನಂಥ ಕ್ರೈಸ್ತ ಸಂಸ್ಥೆಗಳೂ ಸೇರಿ ಒಂದು ನಡತೆಯ ನಿಯಮ ಒಪ್ಪಿಕೊಂಡವು. ನೆರವನ್ನು ಧರ್ಮದ ಪ್ರಚಾರಕ್ಕೆ ಬಳಸಬಾರದು, ಅಗತ್ಯ ನೋಡಿ ಮಾತ್ರ ಕೊಡಬೇಕು ಅಂತ. ನಾವು ಅದನ್ನೇ ಇನ್ನಷ್ಟು ಬಿಗಿ ಮಾಡಿಕೊಂಡಿದ್ದೇವೆ. ಕಾರ್ಡ್ ಕೆಲಸಕ್ಕೆ ಹೋದಾಗ ಕರಪತ್ರ ಒಯ್ಯುವುದಿಲ್ಲ, ಪ್ರಾರ್ಥನೆಗೆ ಕರೆಯುವುದಿಲ್ಲ, ಯಾವ ಜಾತಿ ಯಾವ ಧರ್ಮ ಅಂತ ಕೇಳುವುದಿಲ್ಲ. ನಾವು ಬರೆದ ಅರ್ಜಿಗಳಲ್ಲಿ ನಮ್ಮ ಸಭೆಯವರದು ಬೆರಳೆಣಿಕೆಯಷ್ಟು.

ಇನ್ನೊಂದು ಮಾತು. ನಾವಿರುವುದು ಬಸವಣ್ಣನವರ ನೆಲ. ಬಸವನ ಬಾಗೇವಾಡಿ ಒಂದು ಕಡೆ, ಕೂಡಲಸಂಗಮ ಇನ್ನೊಂದು ಕಡೆ. ದಾಸೋಹ ಏನು ಅಂತ ಈ ನೆಲಕ್ಕೆ ನಾವು ಹೊಸದಾಗಿ ಕಲಿಸಬೇಕಿಲ್ಲ. ಊರಿನ ಮಠದ ಅಜ್ಜಾರನ್ನು, ಮಸೀದಿಯ ಮೌಲಾನಾರನ್ನು ಮೊದಲು ಹೋಗಿ ಕಾಣಿ. ಮೂರು ಜನರ ಸಹಿ ಇರುವ ಅರ್ಜಿಯನ್ನು ಕಚೇರಿಯಲ್ಲಿ ಬೇರೆ ಥರವೇ ಓದುತ್ತಾರೆ.

ಎಲ್ಲಿಂದ ಶುರು ಮಾಡಬೇಕು?

ಕೇಳುವುದರಿಂದ. ಮನೆ ಭೇಟಿಗೆ ಹೋದಾಗ ಪ್ರಾರ್ಥನೆ ಮುಗಿದ ಮೇಲೆ ಐದು ನಿಮಿಷ ಕೂತು ಕಾರ್ಡ್ ತೋರಿಸಲು ಹೇಳಿ. ಯಾರ ಹೆಸರು ಬಿಟ್ಟಿದೆ, ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಚಿತಪಡಿಸುವುದು) ಆಗಿದೆಯಾ, ಕಳೆದ ತಿಂಗಳು ಎಷ್ಟು ಕೆಜಿ ಬಂತು, ಅಂಗನವಾಡಿಯಲ್ಲಿ ಮಗುವಿನ ತೂಕ ಹಾಕಿದ್ದಾರಾ. ಒಂದು ನೋಟ್‌ಬುಕ್ ಇಡಿ. ಮನೆ ಭೇಟಿಯಲ್ಲಿ ಸಿಸ್ಟರ್‌ಗಳು ಮತ್ತು ಸ್ತ್ರೀಸಮಾಜದ ಅಕ್ಕಂದಿರು ನಮಗಿಂತ ಮುಂದು. ಅಡುಗೆಮನೆ ಮಾತು ಗಂಡಸರ ಮುಂದೆ ಹೊರಗೆ ಬರುವುದಿಲ್ಲ.

ಆಮೇಲೆ ಅರ್ಜಿ. ಉದ್ದ ಬೇಡ. ಭಾಷಣ ಬೇಡ. ನಾವು ಬರೆಯುವುದು ಹೀಗೆ: "ಇವರಿಗೆ, ಮಾನ್ಯ ತಹಸೀಲ್ದಾರರು. ವಿಷಯ: ಬೆರಳಚ್ಚು ಹೊಂದಾಣಿಕೆ ಆಗದ ಕಾರಣ ಮೂರು ತಿಂಗಳಿಂದ ಪಡಿತರ ಸಿಗದಿರುವ ಬಗ್ಗೆ. ಮಾನ್ಯರೇ, ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಕಾರ್ಡ್ ಸಂಖ್ಯೆ ಇಷ್ಟು. ಈ ಈ ತಿಂಗಳು ಪಡಿತರ ಸಿಕ್ಕಿಲ್ಲ. ಬೇರೆ ವಿಧಾನದಲ್ಲಿ ಗುರುತು ಪರಿಶೀಲಿಸಿ ಪಡಿತರ ಕೊಡಿಸಬೇಕು, ಬಾಕಿ ತಿಂಗಳ ಭತ್ಯೆ ಕೊಡಿಸಬೇಕು." ಅಷ್ಟೇ. ಅರ್ಜಿದಾರರೇ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಎರಡು ಪ್ರತಿ ಒಯ್ದು, ಟಪಾಲು ವಿಭಾಗದಲ್ಲಿ ಒಂದು ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಸೀಲಿಲ್ಲದ ಅರ್ಜಿ ಕೊಟ್ಟಿಲ್ಲದ ಲೆಕ್ಕ. ಆಗುವುದಿಲ್ಲ ಅಂದರೆ ಹಿಂಬರಹ, ಅಂದರೆ ಬರವಣಿಗೆಯಲ್ಲಿ ಉತ್ತರ, ಕೇಳಿ. ಬಾಯಿಮಾತಿನ "ಆಗಲ್ಲ" ಎಷ್ಟೋ ಸಲ ಹಿಂಬರಹ ಕೇಳಿದ ಮೇಲೆ "ನಾಳೆ ಬನ್ನಿ" ಆಗಿದ್ದನ್ನು ನೋಡಿದ್ದೇನೆ. ಪಡಿತರದ 1967 ಸಹಾಯವಾಣಿಗೂ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಕಚೇರಿಯಲ್ಲಿ ನೀವು ಮಾತಾಡಬೇಡಿ. ಆ ಅವ್ವನೇ ಮಾತಾಡಲಿ. ನೀವು ಪಕ್ಕದಲ್ಲಿ ನಿಂತಿರಿ. ಇದು ಕಷ್ಟದ ಕೆಲಸ, ಯಾಕೆಂದರೆ ನಮಗೆ ಮಾತಾಡಿ ಅಭ್ಯಾಸ.

ಗುಳೆ ಹೋಗುವವರಿಗೆ ಏನು ಮಾಡುವುದು?

ವಿಜಯಪುರದ ತಾಂಡಾಗಳಿಂದ, ಬಾಗಲಕೋಟೆಯ ಹಳ್ಳಿಗಳಿಂದ ದೀಪಾವಳಿ ಹೊತ್ತಿಗೆ ಕಬ್ಬಿನ ಗ್ಯಾಂಗ್ ಹೊರಡುತ್ತದೆ. ಕೆಲವರು ಗೋವಾಕ್ಕೆ ಹೋಗುತ್ತಾರೆ. ಅಜ್ಜ ಅಜ್ಜಿ ಊರಲ್ಲಿ, ಎಳೆಮಕ್ಕಳು ಕಬ್ಬಿನ ಗದ್ದೆಯ ಗುಡಿಸಲಲ್ಲಿ. ಒಂದು ದೇಶ ಒಂದು ರೇಷನ್ ಕಾರ್ಡ್ ಏರ್ಪಾಟಿನಲ್ಲಿ ಬೇರೆ ರಾಜ್ಯದ ಅಂಗಡಿಯಲ್ಲೂ ಧಾನ್ಯ ಎತ್ತಬಹುದು. ಆದರೆ ಅಲ್ಲಿ ಸಿಗುವುದು ಕೇಂದ್ರದ ಪಾಲು ಮಾತ್ರ. ಮನೆಯ ಸ್ವಲ್ಪ ಜನರ ಪಾಲು ಅಲ್ಲಿ, ಉಳಿದವರದು ಊರಲ್ಲಿ ಎತ್ತಲೂ ಬರುತ್ತದೆ. ಗರ್ಭಿಣಿ, ಬಾಣಂತಿ, ಮಕ್ಕಳಿಗೆ ಹೋದ ಊರಿನ ಅಂಗನವಾಡಿಯಲ್ಲೇ ಹೆಸರು ಬರೆಸಬೇಕು.

ಇಲ್ಲಿ ಚರ್ಚ್‌ಗೆ ಇರುವ ಅನುಕೂಲ ಬೇರೆಯವರಿಗಿಲ್ಲ. ಕೊಲ್ಹಾಪುರದಲ್ಲಿ, ಸಾಂಗ್ಲಿಯಲ್ಲಿ, ಗೋವಾದಲ್ಲಿ ನಮ್ಮವರೇ ಫಾದರ್, ಪಾಸ್ಟರ್‌ಗಳು ಇದ್ದಾರೆ. ಹೊರಡುವ ಮೊದಲು ಒಂದು ಫೋನ್ ಮಾಡಿ, ಇಂಥ ಊರಿನ ಪಕ್ಕದ ಗದ್ದೆಯಲ್ಲಿ ಇಷ್ಟು ಮನೆ, ಇಷ್ಟು ಮಕ್ಕಳು, ಸ್ವಲ್ಪ ಅಂಗನವಾಡಿ ತೋರಿಸಿ ಅಂತ ಹೇಳಿದರೆ ಸಾಕು.

ಹೊಳೆ ಬಂದಾಗಲೂ ಹೀಗೇ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಉಕ್ಕಿದಾಗ ಚರ್ಚ್‌ಗಳು ಊಟ ಹಾಕಿದವು, ಒಳ್ಳೆಯದೇ. ಆದರೆ ನೆರೆ ಸಂತ್ರಸ್ತರಿಗೆ ತೆರೆದ ಕಾಳಜಿ ಕೇಂದ್ರ ಮುಚ್ಚಿದ ಮೇಲಿನ ತಿಂಗಳುಗಳಲ್ಲಿ ಕಾರ್ಡ್, ಆಧಾರ್ ಎಲ್ಲ ನೀರಲ್ಲಿ ಹೋದವರ ಜೊತೆ ಯಾರಿದ್ದರು ಅನ್ನುವುದೇ ನನ್ನನ್ನು ಕಾಡುತ್ತದೆ.

ಮೊಟ್ಟೆಯ ವಿಷಯದಲ್ಲಿ ನಾವು ಬಾಯಿ ಹಾಕಬೇಕಾ?

ಹಾಕಬೇಕು, ಮೆತ್ತಗೆ. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದ ಜಿಲ್ಲೆಗಳಲ್ಲಿ ವಿಜಯಪುರವೂ ಇತ್ತು. ಬೇಡ ಅಂದವರಿಗೆ ಬಾಳೆಹಣ್ಣು. ಆಗ ವಿರೋಧವೂ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಅದು ರಾಜ್ಯದಲ್ಲಿ ವಾರಕ್ಕೆ ಆರು ದಿನ ಆಯಿತು. ತಿನ್ನದವರ ನಂಬಿಕೆಯನ್ನು ಗೌರವಿಸೋಣ. ತಿನ್ನುವ ಮಗುವಿನ ತಟ್ಟೆಯಿಂದ ಅದನ್ನು ತೆಗೆಯಬೇಡಿ ಅಂತಲೂ ಹೇಳೋಣ. ನಮ್ಮದೇ ಮಿಷನ್ ಶಾಲೆಗಳಲ್ಲಿ ಸರಿಯಾಗಿ ಕೊಡುತ್ತಿದ್ದಾರಾ ಅಂತ ಮೊದಲು ನೋಡೋಣ.

ಬೇರೆ ಕಡೆ ಕ್ರೈಸ್ತ ಮುಖಂಡರು ಇಂಥ ಕೆಲಸ ಮಾಡಿದ್ದಾರಾ?

ಮಾಡಿದ್ದಾರೆ. ಅಮೆರಿಕದಲ್ಲಿ ಆರ್ಥರ್ ಸೈಮನ್ ಅನ್ನುವ ಲೂಥರನ್ ಪಾಸ್ಟರ್ ನ್ಯೂಯಾರ್ಕ್‌ನ ಬಡ ಓಣಿಯೊಂದರಲ್ಲಿ ಸೇವೆ ಮಾಡುತ್ತಿದ್ದರು. ಎಷ್ಟು ಹಂಚಿದರೂ ಹಸಿವು ತೀರದ್ದನ್ನು ನೋಡಿ, ಕ್ಯಾಥೊಲಿಕರನ್ನೂ ಪ್ರಾಟೆಸ್ಟಂಟರನ್ನೂ ಸೇರಿಸಿ 1974ರಲ್ಲಿ ಬ್ರೆಡ್ ಫಾರ್ ದ ವರ್ಲ್ಡ್ ಕಟ್ಟಿದರು. ಅದು ಊಟ ಹಂಚುವ ಸಂಸ್ಥೆ ಅಲ್ಲ. ಜನಪ್ರತಿನಿಧಿಗಳಿಗೆ ಪತ್ರ ಬರೆಸುವ ಸಂಸ್ಥೆ. ಜನ ಬರೆದ ಪತ್ರಗಳನ್ನು ಚರ್ಚ್‌ನಲ್ಲಿ ಕಾಣಿಕೆಯಾಗಿ ಅರ್ಪಿಸಿ ಆಮೇಲೆ ಕಳಿಸುತ್ತಾರೆ. ಅದನ್ನು ಮುಂದೆ ನಡೆಸಿದ ಪಾಸ್ಟರ್ ಡೇವಿಡ್ ಬೆಕ್‌ಮನ್‌ಗೆ 2010ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಕಾರಿತಾಸ್ 2013ರ ಡಿಸೆಂಬರ್‌ನಲ್ಲಿ "ಎಲ್ಲರಿಗೂ ಆಹಾರ" ಎಂಬ ಕರೆಯ ಜಾಗತಿಕ ಅಭಿಯಾನ ಶುರು ಮಾಡಿದಾಗ ಪೋಪ್ ಫ್ರಾನ್ಸಿಸ್ ಅದಕ್ಕೆ ದನಿಗೂಡಿಸಿದರು. ಆಹಾರ ಎಸೆಯುವುದು ಬಡವರ ಮೇಜಿನಿಂದ ಕದ್ದ ಹಾಗೆ ಅಂತ ಅದೇ ವರ್ಷ ಅವರು ಹೇಳಿದ್ದರು.

ಆ ಪತ್ರದ ಕಾಣಿಕೆಯನ್ನು ನಮ್ಮ ಸಭೆಯಲ್ಲೂ ಮಾಡಿದೆವು. ಸುಗ್ಗಿ ಹಬ್ಬದ ಭಾನುವಾರ. ಒಬ್ಬೊಬ್ಬರಿಗೆ ಒಂದು ಪೋಸ್ಟ್‌ಕಾರ್ಡ್. "ಅಕ್ಕಿಯ ಜೊತೆ ನಮಗೆ ಜೋಳವನ್ನೂ ಕೊಡಿ" ಅಂತ. ರೊಟ್ಟಿ ತಿನ್ನುವ ನಾಡಿಗೆ ಜೋಳ ಕೊಟ್ಟರೆ ಬೆಳೆದ ರೈತನಿಗೂ ಬೆಲೆ ಸಿಗುತ್ತದೆ. ಅಕ್ಷರ ಬರದ ಅಜ್ಜಿಯರಿಗೆ ಸಂಡೇ ಸ್ಕೂಲ್ ಮಕ್ಕಳು ಬರೆದುಕೊಟ್ಟರು. ಕಾಣಿಕೆ ತಟ್ಟೆಯಲ್ಲಿ ಹತ್ತಿಪ್ಪತ್ತರ ನೋಟಿನ ನಡುವೆ 41 ಕಾರ್ಡ್ ಬಿದ್ದವು. ಒಬ್ಬ ಅಜ್ಜಿ ತಮ್ಮ ಕಾರ್ಡಿನ ಮೇಲೆ ನಾಲ್ಕು ಕಾಳು ಜೋಳ ಇಟ್ಟಿದ್ದರು.

ಬೆಳಗಾವಿ ಅಧಿವೇಶನದ ಹೊತ್ತಿಗೆ ಏನಾದರೂ ಮಾಡಬಹುದಾ?

ಮಾಡಬೇಕು. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆ ಆದಾಗಿನಿಂದ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ಅಲ್ಲೇ ನಡೆಯುತ್ತದೆ. ನಮಗೆ ಅದು ಆಗಮನ ಕಾಲ, ಕ್ರಿಸ್‌ಮಸ್‌ಗೆ ಸಿದ್ಧರಾಗುವ ವಾರಗಳು. ಎಲ್ಲ ಚರ್ಚ್‌ಗಳಲ್ಲೂ ಕ್ಯಾರಲ್ಸ್, ನಕ್ಷತ್ರ, ಕರ್ಜಿಕಾಯಿಯ ಗಡಿಬಿಡಿ. ಅದೇ ವಾರ ರಾಜ್ಯದ ಎಲ್ಲ ಶಾಸಕರೂ ನಮ್ಮ ಬಾಗಿಲಿಗೇ ಬಂದಿರುತ್ತಾರೆ. ನವೆಂಬರ್‌ನಲ್ಲೇ ನಿಮ್ಮ ಕ್ಷೇತ್ರದ ಶಾಸಕರಿಗೆ ಲೆಕ್ಕ ಕೊಡಿ. ಇಷ್ಟು ಅಂಗನವಾಡಿಗೆ ಸ್ವಂತ ಕಟ್ಟಡ ಇಲ್ಲ, ಇಷ್ಟು ಕಾರ್ಡ್ ಅರ್ಜಿ ಬಾಕಿ, ಸದನದಲ್ಲಿ ಪ್ರಶ್ನೆ ಕೇಳಿ ಅಂತ. ಕೇಳಿದ ಪ್ರಶ್ನೆಗೆ ಇಲಾಖೆ ಬರವಣಿಗೆಯಲ್ಲಿ ಉತ್ತರ ಕೊಡಬೇಕಾಗುತ್ತದೆ.

ನಮ್ಮ ಸಭೆಯಲ್ಲಿ ಇರುವುದೇ 30 ಮನೆ. ನಮ್ಮ ಮಾತು ಯಾರು ಕೇಳ್ತಾರೆ?

ನಮ್ಮದು 40. ಆದರೆ ಹಳ್ಳಿಯಲ್ಲಿ ಫಾದರ್ ಬಂದರು, ಸಿಸ್ಟರ್ ಬಂದರು ಅಂದರೆ ಇವತ್ತಿಗೂ ಕುರ್ಚಿ ಹಾಕುತ್ತಾರೆ. ಆ ಕುರ್ಚಿಯನ್ನು ನಮ್ಮ ಜೊತೆ ಬಂದ ಅವ್ವನಿಗೆ ಕೊಡಿಸಿ. ಗ್ರಾಮಸಭೆಗೆ ಹೋಗಿ, ಮಾತಾಡದಿದ್ದರೂ ಹೋಗಿ.

ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಆಯಿತು, ಏನೂ ಆಗಿಲ್ಲ. ಮುಂದೆ?

ಆಹಾರ ಭದ್ರತಾ ಕಾಯ್ದೆಯಲ್ಲಿ ಪ್ರತಿ ಜಿಲ್ಲೆಗೂ ಒಬ್ಬ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು. ಸೀಲು ಇರುವ ಪ್ರತಿ ಹಚ್ಚಿ ಅವರಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ. ಕೊಟ್ಟ ಪರಿಹಾರವನ್ನು ಜಾರಿ ಮಾಡದ ನೌಕರರಿಗೆ 5000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಜೊತೆಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ, ನಮ್ಮ ಅರ್ಜಿ ಯಾವ ಟೇಬಲ್ ಮೇಲಿದೆ ಅಂತ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಲೂಕ 18ರ ವಿಧವೆ ನ್ಯಾಯಾಧೀಶನ ಬಾಗಿಲಿಗೆ ಎಷ್ಟು ಸಲ ಹೋದಳು ಅಂತ ಬರೆದಿಲ್ಲ. ಹೋಗುತ್ತಲೇ ಇದ್ದಳು ಅಂತ ಇದೆ.

ಸವೆದ ಬೆರಳಿನ ಆ ಅವ್ವನ ಕೆಲಸಕ್ಕೆ ನಾಲ್ಕು ತಿಂಗಳು ಹಿಡಿಯಿತು. ಒಟ್ಟು ಆರು ಸಲ ಬಸ್ಸಿನಲ್ಲಿ ಹೋಗಿ ಬಂದೆವು. ಈಗ ಅವರ ಮೊಮ್ಮಗನ ಮೊಬೈಲ್‌ಗೆ ಒಟಿಪಿ ಬರುತ್ತದೆ, ಅದರ ಮೇಲೆ ಧಾನ್ಯ ಕೊಡುತ್ತಾರೆ. ತಪ್ಪಿದ ತಿಂಗಳುಗಳ ಭತ್ಯೆ ಇನ್ನೂ ಬಂದಿಲ್ಲ. ಆ ಫೈಲ್ ನನ್ನ ಚೀಲದಲ್ಲೇ ಇದೆ. ಬರುವ ಸೋಮವಾರ ಮತ್ತೆ ಹೋಗುತ್ತಿದ್ದೇವೆ.